ಮಂಗಳೂರೋ, ಪುದುಚೇರಿಯೋ? ಬಿಸಿಲು ನೋಡುವ ಮೊದಲು ನೀರು ನೋಡಿ

ಪ್ರಶ್ನೆ: ರಾಷ್ಟ್ರೀಕೃತ ಬ್ಯಾಂಕೊಂದರಿಂದ ನಿವೃತ್ತನಾಗಿ ಪತ್ನಿಯೊಂದಿಗೆ ದಾವಣಗೆರೆಯಲ್ಲಿದ್ದೇನೆ. ಮಗಳು ಬೆಂಗಳೂರಿನಲ್ಲಿದ್ದಾಳೆ, ಮಗ ಹೊರದೇಶದಲ್ಲಿದ್ದಾನೆ. ಬಿಸಿಲು ಚೆನ್ನಾಗಿ ಬೀಳುವ ಯಾವುದಾದರೂ ಕಡಲೂರಿನಲ್ಲಿ ನೆಲೆಸಬೇಕೆಂಬುದು ನಮ್ಮಿಬ್ಬರ ಬಹುದಿನದ ಆಸೆ. ಕಳೆದ ಜನವರಿಯಲ್ಲಿ ಮಂಗಳೂರಿಗೂ ಪುದುಚೇರಿಗೂ ಹೋಗಿ ಕೆಲವು ದಿನ ಇದ್ದು ಬಂದೆವು. ಎರಡೂ ಮನಸ್ಸಿಗೆ ಹಿಡಿಸಿದವು. ಪತ್ನಿಗೆ ಹಳೆಯ ಉಬ್ಬಸವಿದೆ, ನನಗೆ ಮೊಣಕಾಲು ನೋವು. ಮಂಗಳೂರಿನಲ್ಲಿ ಸಮುದ್ರಕ್ಕೆ ಮುಖ ಮಾಡಿದ ಫ್ಲ್ಯಾಟೊಂದಕ್ಕೆ ಯುಗಾದಿಯೊಳಗೆ ಮುಂಗಡ ಕೊಟ್ಟರೆ ದರ ಇಳಿಸುವುದಾಗಿ ಬಿಲ್ಡರ್ ಹೇಳುತ್ತಿದ್ದಾರೆ. ಯಾವ ಊರನ್ನು ಆರಿಸಿಕೊಂಡರೆ ಒಳ್ಳೆಯದು?

ಉತ್ತರ: ನೀವು ಎರಡೂ ಊರುಗಳನ್ನು ನೋಡಿದ್ದು ಜನವರಿಯಲ್ಲಿ. ಆ ತಿಂಗಳು ಪುದುಚೇರಿಯ ಮಳೆಗಾಲ ಮುಗಿದಿರುತ್ತದೆ, ಮಂಗಳೂರಿನ ಸೆಕೆ ಇನ್ನೂ ಆರಂಭವಾಗಿರುವುದಿಲ್ಲ, ಎರಡೂ ಕಡೆ ಆಕಾಶ ತಿಳಿಯಾಗಿರುತ್ತದೆ, ಕಡಲು ಶಾಂತವಾಗಿರುತ್ತದೆ. ವರ್ಷದಲ್ಲಿ ಈ ಎರಡು ಊರುಗಳು ಒಂದನ್ನೊಂದು ಹೆಚ್ಚು ಹೋಲುವ ಹೊತ್ತು ಅದೇ ಆದ್ದರಿಂದ ಆಯ್ಕೆ ಕಷ್ಟವೆನಿಸಿದ್ದು ಸಹಜ. ಕರಾವಳಿಯ ಕಟ್ಟಡಗಳನ್ನು ಕೊಳ್ಳುವವರ ಪರವಾಗಿ ಪರಿಶೀಲಿಸುವ ಸಿವಿಲ್ ಎಂಜಿನಿಯರ್ ಆಗಿ ನಾನು ಹೇಳಬಹುದಾದದ್ದು ಇಷ್ಟು: ಬಿಸಿಲಿನ ವಿಷಯದಲ್ಲಿ ಈ ಊರುಗಳ ನಡುವೆ ದೊಡ್ಡ ವ್ಯತ್ಯಾಸವಿಲ್ಲ, ನೀರಿನ ವಿಷಯದಲ್ಲಿ ಮಾತ್ರ ಅಜಗಜಾಂತರವಿದೆ. ಮಳೆ ಯಾವ ತಿಂಗಳಲ್ಲಿ ಎಷ್ಟು ಸುರಿಯುತ್ತದೆ, ಸುರಿದದ್ದು ಎಲ್ಲಿ ನಿಲ್ಲುತ್ತದೆ, ನಲ್ಲಿಯಲ್ಲಿ ಬರುವುದು ಎಲ್ಲಿಯ ನೀರು, ಕಡಲು ದಡವನ್ನು ಯಾವ ಕಡೆಯಿಂದ ಕೊರೆಯುತ್ತಿದೆ ಎಂಬುದನ್ನೆಲ್ಲ ನೋಡಿದರೆ ನಿಮ್ಮ ಪ್ರಶ್ನೆಗೆ ಬಹುಪಾಲು ಉತ್ತರ ಸಿಗುತ್ತದೆ.

ಮಂಗಳೂರಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿಯುವುದರಿಂದ, ಜುಲೈ ಒಂದೇ ತಿಂಗಳ ಮಳೆ ದಾವಣಗೆರೆಯ ಇಡೀ ವರ್ಷದ ಮಳೆಯನ್ನು ಸುಲಭವಾಗಿ ಮೀರುತ್ತದೆ. ಇಷ್ಟು ಓದಿ ತಿಳಿದವರೂ ಅಲ್ಲಿ ಒಂದು ಮಳೆಗಾಲ ಕಳೆಯುವವರೆಗೆ ಅದು ಎಂಥದೆಂದು ಊಹಿಸಲಾರರು. ಮಳೆಯ ರಭಸವನ್ನು ಜನ ಬೇಗ ಒಗ್ಗಿಸಿಕೊಳ್ಳುತ್ತಾರೆ. ಒಗ್ಗದೆ ಉಳಿಯುವುದು ತೇವ. ಒಗೆದ ಬಟ್ಟೆ ದಿನಗಟ್ಟಲೆ ಒಣಗುವುದಿಲ್ಲ, ಉಪ್ಪಿನ ಭರಣಿಯಲ್ಲಿ ನೀರು ಒಸರುತ್ತದೆ, ಚರ್ಮದ ಚಪ್ಪಲಿಯ ಮೇಲೆ ಬಿಳಿ ಬೂಷ್ಟು ಬರುತ್ತದೆ, ಗೋಡೆಗೆ ಒತ್ತಿಟ್ಟ ಬೀರುವಿನ ಹಿಂಬದಿ ಕಪ್ಪಾಗುತ್ತದೆ. ಮಂಗಳೂರಿನಲ್ಲಿ ಆರ್‌ಸಿಸಿ ತಾರಸಿಯ ಮೇಲೆ ಮತ್ತೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ತಗಡಿನ ಮಾಡು ಹಾಕಿಸಿದ ಮನೆಗಳನ್ನು ನೀವು ನೋಡಿರಬಹುದು. ಹೊರಗಿನವರು ಅದನ್ನು ಅಂದಗೇಡು ಎಂದುಕೊಳ್ಳುತ್ತಾರೆ. ಆದರೆ ಸಪಾಟಾದ ತಾರಸಿ ಆ ಊರಿನ ಮಳೆಗೆ ಹೇಳಿಸಿದ್ದೇ ಅಲ್ಲವೆಂಬುದನ್ನು ಅನುಭವದಿಂದ ಅರಿತವರ ವಿವೇಕ ಅದು; ಇಳಿಜಾರಾದ ಹಂಚಿನ ಮಾಡಿನಿಂದ ದೂರ ಸರಿದ ನಮ್ಮ ವಾಸ್ತುಶಿಲ್ಪಿಗಳು ಆ ವಿಷಯದಲ್ಲಿ ಇನ್ನೂ ಹಠ ಬಿಟ್ಟಿಲ್ಲ.

ನಿಮ್ಮ ಬಿಲ್ಡರ್ ಸಮುದ್ರಕ್ಕೆ ಮುಖ ಮಾಡಿದ ಫ್ಲ್ಯಾಟ್ ಎಂದು ಹೇಳುವಾಗ, ಅದರ ಅರ್ಥ ಆ ಫ್ಲ್ಯಾಟಿನ ಮುಖ್ಯ ಗೋಡೆ ಪಶ್ಚಿಮಕ್ಕಿದೆ ಎಂದೇ ಆಗುತ್ತದೆ, ಏಕೆಂದರೆ ಮಂಗಳೂರಿನ ಕಡಲು ಪಶ್ಚಿಮದಲ್ಲಿದೆ. ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನ ಎರಡರಿಂದ ಸಂಜೆಯವರೆಗಿನ ಬಿಸಿಲೆಲ್ಲ ಆ ಗೋಡೆಯ ಮೇಲೆ, ಅದರ ಗಾಜಿನ ಬಾಗಿಲುಗಳ ಮೇಲೆ ಬೀಳುತ್ತದೆ; ಗೋಡೆ ಹೀರಿಕೊಂಡ ಕಾವು ರಾತ್ರಿ ಕೋಣೆಯೊಳಗೆ ಇಳಿಯುತ್ತದೆ. ಜೂನ್ ಬಂದ ಮೇಲೆ ನೈಋತ್ಯ ಮುಂಗಾರಿನ ಗಾಳಿ ಮಳೆಯನ್ನು ಅಡ್ಡಡ್ಡವಾಗಿ ತಂದು ಹೊಡೆಯುವುದೂ ಅದೇ ಗೋಡೆಗೆ. ಹೀಗೆ ವರ್ಷದ ಅತಿ ಕೆಟ್ಟ ಬಿಸಿಲನ್ನೂ ಅತಿ ಕೆಟ್ಟ ಮಳೆಯನ್ನೂ ಒಂದೇ ಗೋಡೆ ತಡೆಯಬೇಕಾದ ಫ್ಲ್ಯಾಟಿಗೆ ಜನ ಹೆಚ್ಚಿನ ಹಣ ಕೊಡುತ್ತಾರೆ. ಪುದುಚೇರಿಯಲ್ಲಿ ಕಡಲು ಪೂರ್ವಕ್ಕಿರುವುದರಿಂದ ಲೆಕ್ಕ ತಿರುವುಮುರುವಾಗುತ್ತದೆ: ಕಡಲ ಕಡೆಯ ಕೋಣೆಗೆ ಬೆಳಗಿನ ಎಳೆಬಿಸಿಲು ಬರುತ್ತದೆ, ಮಧ್ಯಾಹ್ನದ ಹೊತ್ತಿಗೆ ನೆರಳಾಗುತ್ತದೆ, ಆಗಲೇ ಕಡಲಗಾಳಿಯೂ ಬೀಸತೊಡಗುತ್ತದೆ. ಕಡಲ ನೋಟವೊಂದೇ ನಿಮ್ಮ ಮನಸ್ಸಿನಲ್ಲಿದ್ದರೆ ಪುದುಚೇರಿಯ ಪೂರ್ವಮುಖದ ಮನೆ ಮಂಗಳೂರಿನ ಪಶ್ಚಿಮಮುಖದ ಮನೆಗಿಂತ ವಾಸಕ್ಕೆ ಹಿತವಾದದ್ದೆಂದು ನಾನು ಅನುಮಾನವಿಲ್ಲದೆ ಹೇಳುತ್ತೇನೆ.

ನಿಮ್ಮ ಶ್ರೀಮತಿಯವರ ಉಬ್ಬಸ ಈ ಆಯ್ಕೆಯಲ್ಲಿ ದೊಡ್ಡ ಅಂಶ. ನಾನು ವೈದ್ಯನಲ್ಲ, ಆದರೆ ತೇವದ ಗೋಡೆಯಲ್ಲಿ ಬೆಳೆಯುವ ಬೂಷ್ಟಿನ ಕಣಗಳು ಉಬ್ಬಸವಿರುವ ಅನೇಕರಿಗೆ ಆಗಿಬರುವುದಿಲ್ಲವೆಂಬುದು ವೈದ್ಯಕೀಯವಾಗಿ ಒಪ್ಪಿತವಾದ ಸಂಗತಿ. ದಾವಣಗೆರೆಯ ಒಣ ಹವೆಗೆ ಒಗ್ಗಿದ ದೇಹ ಮಂಗಳೂರಿನ ನಾಲ್ಕು ತಿಂಗಳ ತೇವವನ್ನು ಹೇಗೆ ತಾಳುತ್ತದೆಂಬುದನ್ನು ಯಾರೂ ಮುಂಚಿತವಾಗಿ ಹೇಳಲಾರರು. ಕೆಲವರಿಗೆ ಧೂಳು ಕಡಿಮೆಯಾದದ್ದರಿಂದಲೇ ನೆಮ್ಮದಿಯಾಗುತ್ತದೆ, ಕೆಲವರಿಗೆ ಮೊದಲ ಜುಲೈಯೇ ಕಷ್ಟವಾಗುತ್ತದೆ. ಅವರನ್ನು ನೋಡುತ್ತಿರುವ ಶ್ವಾಸಕೋಶದ ವೈದ್ಯರಲ್ಲಿ ಬೂಷ್ಟಿನ ಅಲರ್ಜಿಯ ಪರೀಕ್ಷೆ ಬೇಕೇ ಎಂದು ಕೇಳಿ. ಮನೆಯ ಮಟ್ಟಿಗೆ ಹೇಳುವುದಾದರೆ, ಎದುರುಬದುರು ಕಿಟಕಿಗಳಿದ್ದು ಗಾಳಿ ಹಾಯುವ, ಕಿಟಕಿಗಳ ಮೇಲೆ ಅಗಲವಾದ ಸಜ್ಜಾ ಇರುವ, ಎಲ್ಲಕ್ಕಿಂತ ಮೇಲಿನ ಮಹಡಿಯಾಗಲಿ ನೆಲಮಹಡಿಯಾಗಲಿ ಅಲ್ಲದ ಮನೆ ಮಳೆಗಾಲದಲ್ಲಿ ಉಳಿದವುಗಳಿಗಿಂತ ಒಣಗಿರುತ್ತದೆ. ಸಜ್ಜಾ ಇದ್ದರೆ ಮಳೆ ಬರುವಾಗಲೂ ಕಿಟಕಿ ತೆರೆದಿಡಬಹುದು. ಅದಿಲ್ಲದ ಹೊಸ ಮಾದರಿಯ ಕಟ್ಟಡಗಳಲ್ಲಿ ಜನ ನಾಲ್ಕು ತಿಂಗಳು ಕಿಟಕಿ ಮುಚ್ಚಿಕೊಂಡಿದ್ದು, ಒಳಗೆ ಬೂಷ್ಟು ಏಕೆ ಬಂತೆಂದು ಕೇಳುತ್ತಾರೆ.

ಪುದುಚೇರಿಯ ವರ್ಷದ ನಡೆಯೇ ಬೇರೆ. ನೈಋತ್ಯ ಮುಂಗಾರಿನ ಬಹುಪಾಲು ನೀರನ್ನು ಪಶ್ಚಿಮಘಟ್ಟ ತಡೆದುಬಿಡುವುದರಿಂದ, ಮಂಗಳೂರು ತಣ್ಣಗಾಗುವ ಜೂನ್ ತಿಂಗಳಲ್ಲಿ ಪುದುಚೇರಿ ಇನ್ನೂ ಕಾದೇ ಇರುತ್ತದೆ. ಮೇ ತಿಂಗಳಲ್ಲಿ ತಮಿಳರು ಅಗ್ನಿನಕ್ಷತ್ರವೆಂದು ಕರೆಯುವ ದಿನಗಳಲ್ಲಿ ಉಷ್ಣಾಂಶ 40 ಡಿಗ್ರಿಯ ಆಸುಪಾಸಿಗೆ ಹೋಗುವುದುಂಟು. ಮಂಗಳೂರಿನ ಬೇಸಿಗೆ ಅಂಕಿಯಲ್ಲಿ ಅಷ್ಟು ಏರದಿದ್ದರೂ ಬೆವರಿಳಿಸುವುದರಲ್ಲಿ ಹಿಂದೆ ಬೀಳುವುದಿಲ್ಲ. ಪುದುಚೇರಿಯ ವಾರ್ಷಿಕ ಮಳೆ ಸುಮಾರು 1,300 ಮಿಲಿಮೀಟರ್, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಈಶಾನ್ಯ ಮಾರುತದಲ್ಲಿ ಬೀಳುತ್ತದೆ. ಮಂಗಳೂರಿನ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪವೇ ಹೆಚ್ಚು ಎಂದು ಸಮಾಧಾನಪಡುವ ಮೊದಲು ಈ ಮಳೆ ಹೇಗೆ ಬರುತ್ತದೆಂಬುದನ್ನು ನೋಡಬೇಕು: ದಿನವೂ ಹದವಾಗಿ ಬರುವುದು ಕಡಿಮೆ, ವಾಯುಭಾರ ಕುಸಿತದ ಬೆನ್ನೇರಿ ಒಂದೆರಡು ದಿನಗಳಲ್ಲಿ ಒಟ್ಟಾಗಿ ಸುರಿಯುವುದು ಹೆಚ್ಚು. 2011ರ ಡಿಸೆಂಬರ್ 30ರಂದು ಥಾನೆ ಚಂಡಮಾರುತ ತಮಿಳುನಾಡಿನ ಕಡಲೂರು ಪಟ್ಟಣ ಮತ್ತು ಪುದುಚೇರಿಯ ನಡುವೆ ದಡ ಸೇರಿ ಎರಡೂ ಊರುಗಳ ಮರಗಳನ್ನೂ ವಿದ್ಯುತ್ ಕಂಬಗಳನ್ನೂ ಮಲಗಿಸಿತು. 2020ರ ನವೆಂಬರ್‌ನಲ್ಲಿ ನಿವಾರ್ ಸ್ವಲ್ಪ ಉತ್ತರಕ್ಕೆ, ಮರಕ್ಕಾನಂ ಬಳಿ ದಡ ಸೇರಿತು. 2024ರ ನವೆಂಬರ್ 30ರಂದು ಬಂದ ಫೆಂಗಲ್ ಗಾಳಿಯ ಬಲದಲ್ಲಿ ದೊಡ್ಡದೇನಲ್ಲ. ದಡ ಸೇರಿದ ಮೇಲೆ ಗಂಟೆಗಟ್ಟಲೆ ಕದಲದೆ ನಿಂತದ್ದರಿಂದ ಪುದುಚೇರಿಯಲ್ಲಿ ಒಂದೇ ದಿನ 45 ಸೆಂಟಿಮೀಟರಿಗೂ ಹೆಚ್ಚು ಮಳೆಯಾಗಿ, ಮನೆಗಳಲ್ಲಿ ಸಿಲುಕಿದವರನ್ನು ಸೈನಿಕರು ದೋಣಿಗಳಲ್ಲಿ ಕರೆತರಬೇಕಾಯಿತು.

ಕಟ್ಟಡದ ಗಾಳಿಯ ಹೊರೆಯನ್ನು ಲೆಕ್ಕಹಾಕಲು ನಾವು ಬಳಸುವ ಭಾರತೀಯ ಮಾನಕ ಐಎಸ್ 875ರ ಮೂರನೆಯ ಭಾಗ ಮಂಗಳೂರಿಗೆ ಸೆಕೆಂಡಿಗೆ 39 ಮೀಟರ್ ವೇಗವನ್ನೂ ಪುದುಚೇರಿಗೆ 50 ಮೀಟರ್ ವೇಗವನ್ನೂ ನಿಗದಿಪಡಿಸಿದೆ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಪುದುಚೇರಿಯ ಕಿಟಕಿ, ತಗಡು, ನೀರಿನ ಟ್ಯಾಂಕು, ಸೌರಫಲಕಗಳು ಮಂಗಳೂರಿನವುಗಳಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಒತ್ತಡ ತಾಳುವಂತೆ ಕಟ್ಟಿರಬೇಕು. ಮಂಗಳೂರು ಚಂಡಮಾರುತದಿಂದ ಪೂರ್ತಿ ಪಾರಾಗಿದೆಯೆಂದಲ್ಲ. 2021ರ ಮೇನಲ್ಲಿ ತೌಕ್ತೆ ಕರಾವಳಿಗುಂಟ ಹಾದುಹೋಗುವಾಗ ಉಳ್ಳಾಲ, ಸೋಮೇಶ್ವರದ ಕಡಲಂಚಿನ ಮನೆಗಳಿಗೆ ಅಲೆ ನುಗ್ಗಿತ್ತು. ಆದರೂ ಅರಬ್ಬಿ ಸಮುದ್ರದ ಚಂಡಮಾರುತಗಳು ಕರ್ನಾಟಕದ ದಡಕ್ಕೆ ನೇರವಾಗಿ ಬಡಿಯುವುದು ಅಪರೂಪ. ಬಂಗಾಳಕೊಲ್ಲಿಯ ಕಥೆ ಹಾಗಲ್ಲ.

ಸುರಿದ ನೀರು ಎಲ್ಲಿ ನಿಲ್ಲುತ್ತದೆಂಬುದಕ್ಕೆ ಊರಿನ ಹೆಸರಿಗಿಂತ ಬಡಾವಣೆಯ ಹೆಸರು ಮುಖ್ಯ. ಪುದುಚೇರಿಯಲ್ಲಿ ರೇನ್‌ಬೋ ನಗರ, ಕೃಷ್ಣಾ ನಗರದಂಥ ತಗ್ಗು ಬಡಾವಣೆಗಳು ಪ್ರತಿ ದೊಡ್ಡ ಮಳೆಗೂ ಮುಳುಗುತ್ತವೆ. ಲಾಸ್‌ಪೇಟ್, ಗೋರಿಮೇಡು ಕಡೆಯ ಎತ್ತರದ ನೆಲದಲ್ಲಿ ಆ ಭಯ ಕಡಿಮೆ. ಮಂಗಳೂರಿನಲ್ಲಿ ಕೊಟ್ಟಾರ ಚೌಕಿ, ಪಂಪ್‌ವೆಲ್ ಸುತ್ತಮುತ್ತ ನೀರು ನಿಲ್ಲುವುದು ಎಲ್ಲರಿಗೂ ಗೊತ್ತಿರುವ ವಿಷಯ. 2018ರ ಮೇ 29ರಂದು, ಜೂನ್ ಬರುವ ಮುನ್ನವೇ ಸುರಿದ ಮಳೆಗೆ ನಗರದ ತಗ್ಗು ಪ್ರದೇಶಗಳೆಲ್ಲ ಜಲಾವೃತವಾದವು. ಎತ್ತರದಲ್ಲಿದ್ದರೆ ನಿಶ್ಚಿಂತೆಯೆಂದು ಮಂಗಳೂರಿನ ಮಟ್ಟಿಗೆ ಹೇಳುವಂತೆಯೂ ಇಲ್ಲ. ಅಲ್ಲಿನ ಗುಡ್ಡಗಳ ಮೇಲ್ಪದರದ ಮುರಕಲ್ಲು ಗಟ್ಟಿಯಾಗಿದ್ದರೂ ಅದರ ಕೆಳಗಿನ ಜೇಡಿಯಂಥ ಮಣ್ಣು ನೀರು ಕುಡಿದಾಗ ಸಡಿಲಗೊಳ್ಳುತ್ತದೆ. ನಿವೇಶನಕ್ಕಾಗಿ ಗುಡ್ಡವನ್ನು ನೆಟ್ಟಗೆ ಕಡಿದು ಬಿಟ್ಟ ಕಡೆ ಈ ಮಣ್ಣು ಬಯಲಾಗಿರುತ್ತದೆ. 2025ರ ಮೇ ಕೊನೆಯಲ್ಲಿ ದೇರಳಕಟ್ಟೆ ಸಮೀಪದ ಮಂಜನಾಡಿಯಲ್ಲಿ ಗುಡ್ಡ ಜರಿದು ಮನೆಯೊಳಗಿದ್ದ ಮಕ್ಕಳು ಪ್ರಾಣ ಕಳೆದುಕೊಂಡದ್ದನ್ನು ನೀವು ಓದಿರಬಹುದು. ಆದ್ದರಿಂದ ಮಂಗಳೂರಿನಲ್ಲಿ ಮನೆ ನೋಡುವಾಗ ಎದುರಿನ ನೋಟ ಹೇಗಿದೆಯೆಂಬುದಕ್ಕಿಂತ ಹಿಂದೆ ಏನಿದೆಯೆಂಬುದನ್ನು ಮೊದಲು ನೋಡಿ; ಕಡಿದ ಗುಡ್ಡವಿದ್ದರೆ, ನೀರು ಹೊರಹೋಗಲು ತೂತುಗಳಿರುವ ಸರಿಯಾದ ತಡೆಗೋಡೆ ಕಟ್ಟಿಲ್ಲದಿದ್ದರೆ, ಅಲ್ಲಿಂದ ಮರಳಿಬಿಡಿ.

ಕುಡಿಯುವ ನೀರಿನ ವಿಷಯದಲ್ಲಿ ಹೊರಗಿನವರಿಗೆ ನಂಬಲಾಗದ ವಿಚಿತ್ರವೊಂದು ಮಂಗಳೂರಿನಲ್ಲಿದೆ: ಇಷ್ಟು ಮಳೆ ಬೀಳುವ ಊರು ಮೇ ತಿಂಗಳಲ್ಲಿ ನೀರಿಗೆ ತತ್ತರಿಸುತ್ತದೆ. ನಗರಕ್ಕೆ ನೀರು ಬರುವುದು ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿದ ಕಿಂಡಿ ಅಣೆಕಟ್ಟಿನಿಂದ. ಮಳೆ ನಿಂತ ಮೇಲೆ ನದಿಯ ಹರಿವು ಇಳಿಯುತ್ತ ಬಂದು, ಬೇಸಿಗೆಯ ಕೊನೆಗೆ ಅಣೆಕಟ್ಟಿನಲ್ಲಿ ನಿಂತಷ್ಟೇ ನೀರು ಗತಿಯಾಗುತ್ತದೆ. ಮುಂಗಾರು ತಡವಾದ 2019 ಮತ್ತು 2023ರಲ್ಲಿ ಪಾಲಿಕೆ ಸರದಿಯಂತೆ ನೀರು ಬಿಡಬೇಕಾಯಿತು. ಸ್ವಂತ ಬಾವಿಯಿರುವ ಮನೆಯಾದರೆ ಚಿಂತೆ ಕಡಿಮೆ, ಆದರೆ ಅಳಿವೆಯ ಹತ್ತಿರದ ಬಾವಿಗಳು ಬೇಸಿಗೆಯಲ್ಲಿ ಉಪ್ಪಾಗುತ್ತವೆ. ಪುದುಚೇರಿಯಲ್ಲಿ ಕೊರತೆಗಿಂತ ಗುಣದ್ದೇ ಚಿಂತೆ ಹೆಚ್ಚು. ಪಟ್ಟಣದ ನೀರು ಬಹುತೇಕ ಕೊಳವೆಬಾವಿಗಳದ್ದು; ದಶಕಗಳಿಂದ ಎತ್ತುತ್ತ ಬಂದಿರುವುದರಿಂದ ಕಡಲಂಚಿನ ಭಾಗಗಳ ಅಂತರ್ಜಲಕ್ಕೆ ಉಪ್ಪುನೀರು ಸೇರಿಕೊಂಡಿದೆ. ಮನೆ ನೋಡಲು ಹೋಗುವಾಗ ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರೊಂದನ್ನು ಕಿಸೆಯಲ್ಲಿಟ್ಟುಕೊಂಡು ಹೋಗಿ, ಅಡುಗೆಮನೆಯ ನಲ್ಲಿಯ ನೀರನ್ನೂ ಕೊಳವೆಬಾವಿಯ ನೀರನ್ನೂ ಬೇರೆಬೇರೆಯಾಗಿ ಅಳೆಯಿರಿ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 500 ಮಿಲಿಗ್ರಾಂವರೆಗೆ ಸರಿ, ಬೇರೆ ಮೂಲವೇ ಇಲ್ಲದಿದ್ದರೆ 2,000ದವರೆಗೆ ಸಹಿಸಬಹುದು. ಮೀಟರು ಸಾವಿರ ದಾಟಿ ತೋರಿಸಿದರೆ ಆರ್‌ಒ ಯಂತ್ರ ಹಾಕಿಸಿಕೊಂಡರಾಯಿತು ಎಂದು ಮಾಲೀಕರು ಹೇಳುತ್ತಾರೆ. ಗೀಸರ್, ನಲ್ಲಿ, ಪೈಪುಗಳಿಗೆ ಆರ್‌ಒ ಹಾಕಿಸಲಾಗುವುದಿಲ್ಲವೆಂಬುದನ್ನು ಮಾತ್ರ ಅವರು ಹೇಳುವುದಿಲ್ಲ.

ಕಡಲು ದಡವನ್ನು ಕೊರೆಯುವ ಬಗೆ ಎರಡೂ ಕಡೆ ನೋಡತಕ್ಕದ್ದೇ, ಅದರಲ್ಲೂ ಪುದುಚೇರಿಯ ಪ್ರಕರಣ ಎಂಜಿನಿಯರುಗಳಿಗೆ ಪಾಠದಂತಿದೆ. ಪೂರ್ವ ಕರಾವಳಿಯಲ್ಲಿ ವರ್ಷದ ಹೆಚ್ಚಿನ ಕಾಲ ಅಲೆಗಳು ಮರಳನ್ನು ದಕ್ಷಿಣದಿಂದ ಉತ್ತರಕ್ಕೆ ಸಾಗಿಸುತ್ತಿರುತ್ತವೆ. 1980ರ ದಶಕದ ಕೊನೆಯಲ್ಲಿ ಅರಿಯಾಂಕುಪ್ಪಂ ನದಿಯ ಬಾಯಲ್ಲಿ ಬಂದರಿಗಾಗಿ ಕಡಲೊಳಕ್ಕೆ ಕಲ್ಲಿನ ತಡೆಗಳನ್ನು ಕಟ್ಟಿದ ಮೇಲೆ ಈ ಸಾಗಾಟ ನಿಂತು, ಮರಳು ದಕ್ಷಿಣದ ಕಡೆ ಗುಡ್ಡೆಯಾಯಿತು. ಉತ್ತರಕ್ಕೆ ಹೋಗಬೇಕಾದ ಪಾಲು ತಪ್ಪಿ, ಊರಿನ ಮುಂದಿದ್ದ ಮರಳ ದಂಡೆಯೇ ಮಾಯವಾಯಿತು. ನೀವು ಸಂಜೆ ನಡೆದಾಡಿದ ಕಡಲದಾರಿಯ ಪಕ್ಕ ಪೇರಿಸಿರುವ ಕರಿಬಂಡೆಗಳು ಆ ನಷ್ಟಕ್ಕೆ ಹಾಕಿದ ತೇಪೆ. ಬಂಡೆಗಳು ರಸ್ತೆಯನ್ನು ಉಳಿಸಿದವು, ಆದರೆ ಕೊರೆತವನ್ನು ಇನ್ನಷ್ಟು ಉತ್ತರಕ್ಕೆ, ತಮಿಳುನಾಡಿಗೆ ಸೇರಿದ ಮೀನುಗಾರರ ಊರುಗಳತ್ತ ತಳ್ಳಿದವು. ಈಚೆಗೆ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ನೀರಿನಡಿ ಬೆಣೆಯಾಕಾರದ ಉಕ್ಕಿನ ದಿಬ್ಬ ಕೂರಿಸಿದ ಮೇಲೆ ಒಂದು ಭಾಗದಲ್ಲಿ ಮರಳು ಮರಳಿ ಬಂದಿದೆ. ನಿಮಗೆ ಇದರಿಂದ ತಿಳಿಯಬೇಕಾದದ್ದು, ಪುದುಚೇರಿಯ ಉತ್ತರದ ಕಡಲಂಚಿನಲ್ಲಿ, ಈಸ್ಟ್ ಕೋಸ್ಟ್ ರಸ್ತೆಯ ಬದಿಯಲ್ಲಿ ಅಗ್ಗಕ್ಕೆ ಸಿಗುವ ಮನೆಗಳು ಏಕೆ ಅಗ್ಗವಾಗಿವೆ ಎಂಬುದು. ಮಂಗಳೂರಿನಲ್ಲಿ ಕಡಲ್ಕೊರೆತದ ಬಿಸಿ ತಟ್ಟಿರುವುದು ಮುಖ್ಯವಾಗಿ ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲು ಸೇರುವ ಅಳಿವೆಬಾಗಿಲಿನ ದಕ್ಷಿಣಕ್ಕಿರುವ ಉಳ್ಳಾಲ, ಸೋಮೇಶ್ವರ, ಬಟ್ಟಪ್ಪಾಡಿಗಳಿಗೆ. ಅಲ್ಲಿ ಕಲ್ಲುಗೋಡೆ, ಅಲೆತಡೆಗಳಿಗೆ ಕೋಟಿಗಟ್ಟಲೆ ಸುರಿದಾಗಿದೆ. ಎರಡೂ ಊರಿನಲ್ಲಿ ಭರತರೇಖೆಯಿಂದ, ಅಂದರೆ ಉಬ್ಬರದ ನೀರು ಮುಟ್ಟುವ ಗೆರೆಯಿಂದ, 500 ಮೀಟರ್ ಒಳಗಿನ ಯಾವುದೇ ಆಸ್ತಿಗೆ, ಉಬ್ಬರದ ನೀರು ಬರುವ ನದಿಗಳಾದರೆ ದಡದಿಂದ 50 ಮೀಟರ್ ಅಥವಾ ನದಿಯ ಅಗಲ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟರೊಳಗಿನ ಆಸ್ತಿಗೆ, 2019ರ ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ಅಧಿಸೂಚನೆ ಅನ್ವಯಿಸುತ್ತದೆ. ಸಿಆರ್‌ಝಡ್ ಅನುಮತಿ ಪತ್ರವನ್ನು ಕಣ್ಣಾರೆ ನೋಡದೆ ಮಾತು ಮುಂದುವರಿಸಬೇಡಿ.

ಉಪ್ಪುಗಾಳಿ ಕಾಂಕ್ರೀಟಿಗೆ ಮಾಡುವ ಹಾನಿ ಎರಡು ಊರಿಗೂ ಸಾಮಾನ್ಯ. ಉಪ್ಪಿನಲ್ಲಿರುವ ಕ್ಲೋರೈಡ್ ಕಾಂಕ್ರೀಟಿನ ಮೂಲಕ ಇಳಿದು ಒಳಗಿನ ಕಬ್ಬಿಣದ ಸರಳನ್ನು ಮುಟ್ಟಿದಾಗ ತುಕ್ಕು ಹಿಡಿಯುತ್ತದೆ; ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಒಳಗಿನಿಂದಲೇ ಕಾಂಕ್ರೀಟನ್ನು ಸಿಡಿಸುತ್ತದೆ. ಇದನ್ನು ತಡೆಯಲೆಂದೇ ಐಎಸ್ 456 ಕಡಲಗಾಳಿಗೆ ತೆರೆದುಕೊಂಡ ಭಾಗಗಳಿಗೆ ಕನಿಷ್ಠ ಎಂ30 ದರ್ಜೆಯ ಕಾಂಕ್ರೀಟು, ಸರಳಿನ ಮೇಲೆ 45 ಮಿಲಿಮೀಟರ್ ಹೊದಿಕೆ ಇರಬೇಕೆಂದೂ, ಕಲಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದೆಂದೂ ಹೇಳುತ್ತದೆ. ಉಪ್ಪಾದ ಕೊಳವೆಬಾವಿಯ ನೀರಿನಲ್ಲೇ ಕಟ್ಟಿದ ಮನೆಗೆ ಹೊರಗಿನ ಕಡಲಗಾಳಿಯೇ ಬೇಕಿಲ್ಲ, ಶತ್ರು ಒಳಗೇ ಕುಳಿತಿರುತ್ತಾನೆ. ಹಳೆಯ ಫ್ಲ್ಯಾಟ್ ನೋಡುವಾಗ ಬಾಲ್ಕನಿಯ ಸ್ಲ್ಯಾಬಿನ ತಳವನ್ನೂ ಬಚ್ಚಲುಮನೆಯ ಛಾವಣಿಯನ್ನೂ ನಾಣ್ಯದಿಂದ ತಟ್ಟಿ: ಗಟ್ಟಿ ಕಾಂಕ್ರೀಟು ಚುರುಕಾಗಿ ಸದ್ದು ಮಾಡುತ್ತದೆ, ಸಿಡಿಯತೊಡಗಿದ್ದು ಪೊಳ್ಳಾಗಿ ಕೇಳಿಸುತ್ತದೆ. ಸರಳಿನ ಗುಂಟ ನೇರವಾಗಿ ಓಡುವ ಕೂದಲೆಳೆಯ ಬಿರುಕು, ಅದರಂಚಿನಲ್ಲಿ ಕಂದು ಕಲೆ ಇದ್ದರೆ ಹೊಸ ಬಣ್ಣಕ್ಕೆ ಮರುಳಾಗಬೇಡಿ. ಮಾರಾಟಕ್ಕೆ ಮುಂಚೆ ಬಣ್ಣ ಹೊಡೆಸುವುದು ಎಲ್ಲರಿಗೂ ಗೊತ್ತಿರುವ ವಿದ್ಯೆ. ಫ್ಲ್ಯಾಟಿನೊಳಗೆ ಮಾತ್ರ ನೋಡಿ ಹೊರಡದೆ ನೆಲಮಾಳಿಗೆಯ ಪಾರ್ಕಿಂಗಿನ ಕಂಬಗಳ ಬುಡವನ್ನೂ, ಮೊಣಕಾಲು ನೋವಿರುವ ನಿಮಗಾಗಿ ಲಿಫ್ಟಿನ ಯಂತ್ರಕೋಣೆಯನ್ನೂ ಜನರೇಟರನ್ನೂ ನೋಡಿ. ಉಪ್ಪುಗಾಳಿಯ ಊರಿನಲ್ಲಿ ಲಿಫ್ಟು ಕೆಡುವುದು ಹೆಚ್ಚು, ಮಳೆಗಾಲದಲ್ಲಿ ಕರೆಂಟು ಹೋಗುವುದೂ ಹೆಚ್ಚು.

ದಾಖಲೆಗಳ ಪರಿಶೀಲನೆ ವಕೀಲರ ಕೆಲಸ, ಆದರೂ ಎರಡೂ ಊರಿನಲ್ಲಿ ಹೊರಗಿನ ವಕೀಲರ ಕಣ್ಣಿಗೆ ಬೀಳದ ಒಂದೊಂದು ಸಂಗತಿಯಿದೆ. ಮಂಗಳೂರಿನಲ್ಲಿ ಎಷ್ಟೋ ನಿವೇಶನಗಳು ಮೂಲಗೇಣಿಯವು, ಅಂದರೆ ಒಡೆಯರು ಕಾಯಂ ಗೇಣಿಗೆ ಕೊಟ್ಟವು. ಮೂಲಗೇಣಿದಾರರಿಗೆ ಒಡೆತನ ಕೊಡುವ 2011ರ ರಾಜ್ಯ ಕಾನೂನಿನ ಸುತ್ತ ಮೂಲಿದಾರರ, ಅಂದರೆ ಮೂಲ ಒಡೆಯರ, ಆಕ್ಷೇಪ, ವ್ಯಾಜ್ಯಗಳು ನಡೆದಿರುವುದರಿಂದ, ಆಸ್ತಿ ಯಾವ ಹಕ್ಕಿನದೆಂದು ಮೊದಲೇ ತಿಳಿದುಕೊಳ್ಳಬೇಕು. ಪುದುಚೇರಿಯಲ್ಲಿ 1881ರ ಫ್ರೆಂಚ್ ಆದೇಶದಡಿ ತಮ್ಮ ಹಿಂದಿನ ವೈಯಕ್ತಿಕ ಕಾನೂನನ್ನು ಬಿಟ್ಟುಕೊಟ್ಟ ಕುಟುಂಬಗಳ ವಂಶಸ್ಥರಿಗೆ ಉತ್ತರಾಧಿಕಾರದ ವಿಷಯದಲ್ಲಿ ಇಂದಿಗೂ ಫ್ರೆಂಚ್ ಸಿವಿಲ್ ಸಂಹಿತೆ ಅನ್ವಯಿಸುತ್ತದೆ; ಹಳೆಯ ಮನೆತನದ ಆಸ್ತಿಯಾದರೆ ಯಾರ ಸಹಿ ಬೇಕೆಂಬುದನ್ನು ಸ್ಥಳೀಯ ವಕೀಲರೇ ಹೇಳಬೇಕು. ಪುದುಚೇರಿಯ ಮನೆಯೆಂದು ಜಾಹೀರಾತಿನಲ್ಲಿ ಕಾಣುವ ಕೋಟಕುಪ್ಪಂ, ಆರೋವಿಲ್ ಸುತ್ತಲಿನ ಎಷ್ಟೋ ಆಸ್ತಿಗಳು ತಮಿಳುನಾಡಿನ ವಿಳುಪ್ಪುರಂ ಜಿಲ್ಲೆಯವು ಎಂಬುದನ್ನೂ ಗಮನಿಸಿ. ನೋಂದಣಿ, ತೆರಿಗೆ, ಆಡಳಿತ ಎಲ್ಲವೂ ಬೇರೆಯಾಗುತ್ತವೆ.

ಉಳಿದ ಅಂಶಗಳನ್ನು ಬೇಗ ಹೇಳಿಬಿಡಬಹುದು. ಆಸ್ಪತ್ರೆಗಳ ವಿಷಯದಲ್ಲಿ ಮಂಗಳೂರನ್ನು ಮೀರಿಸುವ ಇಷ್ಟು ಸಣ್ಣ ನಗರ ದೇಶದಲ್ಲಿ ಹೆಚ್ಚಿಲ್ಲ: ಸರ್ಕಾರಿ ವೆನ್ಲಾಕ್, 1880ರಷ್ಟು ಹಿಂದೆ ಆರಂಭವಾದ ಫಾದರ್ ಮುಲ್ಲರ್, ಕೆಎಂಸಿ ಮೊದಲಾದವುಗಳಿದ್ದು, ಶ್ವಾಸಕೋಶದ ತಜ್ಞರಿಗಾಗಲಿ ಮೂಳೆ ತಜ್ಞರಿಗಾಗಲಿ ಊರು ಬಿಡಬೇಕಾಗುವುದಿಲ್ಲ. ಪುದುಚೇರಿಯಲ್ಲಿ ಕೇಂದ್ರ ಸರ್ಕಾರದ ಜಿಪ್ಮರ್ ಇದೆ, ಅದರ ಗುಣಮಟ್ಟಕ್ಕೆ ಎರಡು ಮಾತಿಲ್ಲ, ಹೊರರೋಗಿಗಳ ಸಾಲು ಮಾತ್ರ ಉದ್ದ. ಬೆಂಗಳೂರಿನ ಮಗಳ ಮನೆಗೆ ದೂರ ಹೆಚ್ಚುಕಡಿಮೆ ಒಂದೇ, ಪುದುಚೇರಿಯಿಂದ ಸುಮಾರು 310 ಕಿಲೋಮೀಟರ್, ಮಂಗಳೂರಿನಿಂದ ಸುಮಾರು 350. ವ್ಯತ್ಯಾಸವಿರುವುದು ದಾರಿಯಲ್ಲಿ: ತಿರುವಣ್ಣಾಮಲೈ ಮಾರ್ಗ ಬಯಲುಸೀಮೆಯದು, ಮಂಗಳೂರಿನದು ಘಟ್ಟ ದಾಟುವಂಥದು. 2018ರ ಆಗಸ್ಟ್‌ನಲ್ಲಿ ಶಿರಾಡಿ ರಸ್ತೆಯೂ ಸಕಲೇಶಪುರ–ಸುಬ್ರಹ್ಮಣ್ಯ ರೈಲು ಮಾರ್ಗವೂ ಕುಸಿದು ಮುಚ್ಚಿದ್ದವು. 2024ರ ಜುಲೈನಲ್ಲಿ ರೈಲು ಮಾರ್ಗ ಮತ್ತೆ ಕುಸಿಯಿತು. ವಿಮಾನದ ಅನುಕೂಲ ಮಂಗಳೂರಿನಲ್ಲಿ ಎಷ್ಟೋ ಮೇಲು. ಪುದುಚೇರಿಯ ರನ್‌ವೇ ಚಿಕ್ಕದು, ಸಣ್ಣ ವಿಮಾನಗಳ ಸೇವೆ ನಿಲ್ಲುತ್ತಲೂ ಮತ್ತೆ ಆರಂಭವಾಗುತ್ತಲೂ ಬಂದಿದೆ, ಹೊರದೇಶದ ಮಗ ಬರುವುದಾದರೆ ಚೆನ್ನೈಗೇ ಬರಬೇಕು. ಇನ್ನು ಭಾಷೆ. ಮಂಗಳೂರಿನಲ್ಲಿ ನೆರೆಹೊರೆಯವರು ತಮ್ಮತಮ್ಮಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡಿಕೊಂಡರೂ ನಿಮ್ಮೊಂದಿಗೆ ಅಚ್ಚುಕಟ್ಟಾದ ಕನ್ನಡದಲ್ಲಿಯೇ ಮಾತಾಡುತ್ತಾರೆ. ಪತ್ರಿಕೆ, ಯಕ್ಷಗಾನ, ಗ್ರಂಥಾಲಯ, ಕಚೇರಿಯ ಅರ್ಜಿ ಎಲ್ಲವೂ ಕನ್ನಡದಲ್ಲಿ. ಪುದುಚೇರಿಯಲ್ಲಿ ತಮಿಳು ಬಾರದೆ ತರಕಾರಿ ಕೊಳ್ಳಬಹುದು, ಬಾಂಧವ್ಯ ಬೆಳೆಸುವುದು ಕಷ್ಟ. ಅರವತ್ತು ದಾಟಿದ ಮೇಲೆ ಹೊಸ ಭಾಷೆ ಕಲಿಯುವ ಹುಮ್ಮಸ್ಸು ನಿಮ್ಮಿಬ್ಬರಿಗೂ ಇದ್ದರೆ ನನ್ನ ಮಾತನ್ನು ಪಕ್ಕಕ್ಕಿಡಿ.

ಇಷ್ಟೆಲ್ಲ ಕೂಡಿಸಿ ನೋಡಿದಾಗ, ನಿಮ್ಮ ಶ್ರೀಮತಿಯವರಿಗೆ ಉಬ್ಬಸವಿಲ್ಲದಿದ್ದರೆ ನಾನು ಮಂಗಳೂರೆಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತಿದ್ದೆ. ಅದಿರುವುದರಿಂದ ಮಂಗಳೂರನ್ನು ಷರತ್ತಿನ ಮೇಲೆ ಸೂಚಿಸುತ್ತೇನೆ. ಕಡಲಂಚನ್ನು ಬಿಟ್ಟು ಕದ್ರಿ, ಬಿಜೈ ಕಡೆಯ ಎತ್ತರದ, ಹಿಂಬದಿಯಲ್ಲಿ ಕಡಿದ ಗುಡ್ಡವಿಲ್ಲದ, ಗಾಳಿಯಾಡುವ ಮನೆಯೊಂದನ್ನು ಮೇ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ ಬಾಡಿಗೆಗೆ ಹಿಡಿಯಿರಿ. ಮೇ ತಿಂಗಳಿಂದಲೇ ಎನ್ನುವುದಕ್ಕೆ ಕಾರಣ, ನೀರಿನ ಅಭಾವ, ಸೆಕೆ, ಮೊದಲ ಗುಡುಗುಮಳೆ ಮೂರೂ ಆ ತಿಂಗಳಲ್ಲಿ ತೋರಿಬರುತ್ತವೆ. ದಾವಣಗೆರೆಯ ಮನೆಯನ್ನು ಅಲ್ಲಿಯವರೆಗೆ ಮಾರಬೇಡಿ. ಆ ನಾಲ್ಕೂವರೆ ತಿಂಗಳಲ್ಲಿ ಅವರು ಇನ್‌ಹೇಲರ್ ಎಷ್ಟು ಸಲ ಬಳಸಿದರು, ರಾತ್ರಿ ನಿದ್ದೆ ಹೇಗಾಯಿತು ಎಂಬುದನ್ನು ದಾವಣಗೆರೆಯ ದಿನಗಳೊಂದಿಗೆ ಹೋಲಿಸಿ, ವೈದ್ಯರಿಗೆ ತೋರಿಸಿ. ತೊಂದರೆ ಹೆಚ್ಚಾಗಿಲ್ಲದಿದ್ದರೆ ಅಲ್ಲಿಯೇ ಕೊಳ್ಳಿ. ಹೆಚ್ಚಾದರೆ, ಪುದುಚೇರಿಯ ಲಾಸ್‌ಪೇಟ್ ಸುತ್ತಮುತ್ತ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇದೇ ರೀತಿ ಇದ್ದು ನೋಡಿ. ಅಲ್ಲಿಯೂ ಆ ಮೂರು ತಿಂಗಳು ತೇವವಿರುತ್ತದೆ, ಆದರೆ ಮಳೆಯ ನಡುವೆ ಬಿಸಿಲು ಬಂದು ಮನೆ ಒಣಗಲು ಬಿಡುವು ಸಿಗುತ್ತದೆ.

ಯುಗಾದಿಯ ಮುಂಗಡದ ವಿಷಯ. ಕೊಡಬೇಡಿ. ಯುಗಾದಿ ಬರುವುದು ಮಾರ್ಚ್ ಮಧ್ಯದ ನಂತರ ಅಥವಾ ಏಪ್ರಿಲ್‌ನಲ್ಲಿ, ಪಶ್ಚಿಮದ ಗೋಡೆಯ ಮೇಲೆ ಒಂದೂ ಮಳೆ ಬೀಳುವ ಮೊದಲು. ಒಣಗಿದ ಗೋಡೆಯನ್ನು ನೋಡಿ ಅದು ಸೋರುವುದೋ ಇಲ್ಲವೋ ಎಂದು ನಾನೂ ಹೇಳಲಾರೆ. ಆ ಕಟ್ಟಡವೇ ಬೇಕೆನಿಸಿದರೆ ಬಿಲ್ಡರ್ ಬಳಿ ಸಿಆರ್‌ಝಡ್ ಅನುಮತಿ, ಅನುಮೋದಿತ ನಕ್ಷೆ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ, ಇ-ಖಾತಾ, ಕಾಂಕ್ರೀಟಿನ ಬಲ ಅಳೆಯುವ ಕ್ಯೂಬ್ ಪರೀಕ್ಷೆಯ ವರದಿಗಳನ್ನು ಕೇಳಿ. ರೇರಾ ಕಾನೂನಿನ ಪ್ರಕಾರ ನೋಂದಾಯಿತ ಮಾರಾಟ ಕರಾರು ಆಗುವ ಮೊದಲು ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಹಣವನ್ನು ಅವರು ತೆಗೆದುಕೊಳ್ಳುವಂತೆಯೇ ಇಲ್ಲ. ಕಟ್ಟಡ ಪೂರ್ಣಗೊಂಡಿದ್ದರೆ, ಜುಲೈ ಮೂರನೆಯ ವಾರದಲ್ಲಿ, ಎರಡು ದಿನ ಬಿಡದೆ ಮಳೆ ಸುರಿದ ಮರುದಿನ ಬೆಳಿಗ್ಗೆ ಆ ಫ್ಲ್ಯಾಟಿಗೆ ಹೋಗಿ, ಪಶ್ಚಿಮದ ಕೋಣೆಯ ಕಿಟಕಿ ಚೌಕಟ್ಟಿನ ಕೆಳಮೂಲೆಗಳನ್ನು ಕೈಯಿಂದ ಮುಟ್ಟಿ ನೋಡಿ, ಅದರ ಮೇಲಿನ ಮಹಡಿಯವರನ್ನೂ ಪಕ್ಕದವರನ್ನೂ ವಿಚಾರಿಸಿ. ಅಷ್ಟರೊಳಗೆ ಬೇರೆ ಯಾರಾದರೂ ಅದನ್ನು ಕೊಂಡುಬಿಟ್ಟರೆ ಚಿಂತೆಯಿಲ್ಲ; ಅಕ್ಟೋಬರ್‌ನಲ್ಲಿ ಅದೇ ರಸ್ತೆಯಲ್ಲಿ ಮಾರಾಟಕ್ಕಿರುವ ಫ್ಲ್ಯಾಟುಗಳು ಸಿಗುತ್ತವೆ, ಒಂದು ಮಳೆಗಾಲವನ್ನು ಆಗಷ್ಟೇ ಮುಗಿಸಿದ ಅವುಗಳ ಗೋಡೆಗಳು ಎಲ್ಲೆಲ್ಲಿ ಸೋರುತ್ತವೆಂಬುದನ್ನು ಬಣ್ಣ ಹೊಡೆಸುವ ಮೊದಲೇ ನೋಡಬಹುದು.